ಉತ್ತರ ಬಂದ ಮೇಲೆ ತಿರುಗಿಸು

ಮಾರ್ಚ್ 3

ಅಣ್ಣನಿಗೆ,

ಕ್ಷೇಮ ಅಂತ ಬರೆದು ಶುರು ಮಾಡುವುದು ರೂಢಿ. ನಾನು ಹಾಗೆ ಬರೆಯುವುದಿಲ್ಲ. ಇಲ್ಲಿ ಕ್ಷೇಮ ಇಲ್ಲ, ಸುಳ್ಳು ಬರೆದು ಒಂದು ಸಾಲು ದಂಡ ಮಾಡುವಷ್ಟು ಪುರುಸೊತ್ತೂ ಇಲ್ಲ. ನನ್ನ ಅಕ್ಷರ ಕಂಡ ಕೂಡಲೇ ಹರಿದು ಹಾಕಬೇಡ. ಇದೊಂದನ್ನು ಕೊನೆಯ ತನಕ ಓದು, ಆಮೇಲೆ ನಿನ್ನ ಸಿಟ್ಟು ನಿನಗಿರಲಿ.

ಇವರಿಗೆ ಉಸಿರಿನ ತೊಂದರೆ ಜೋರಾಗಿದೆ. ಎದೆಯೊಳಗೆ ಮೆತ್ತಗಿರಬೇಕಾದದ್ದು ಒಣಗಿದ ಸ್ಪಂಜಿನ ಹಾಗೆ ಗಟ್ಟಿಯಾಗಿದೆ ಅಂತ ಡಾಕ್ಟರು ಹೇಳಿದರು. ವಾಸಿಯಾಗುವ ಮಾತಿಲ್ಲ, ಇರುವಷ್ಟನ್ನು ಕಾಪಾಡಿಕೊಳ್ಳಬೇಕು ಅಷ್ಟೇ. ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇಲ್ಲವೆಂದು ಆಕ್ಸಿಜನ್ ಮಷಿನ್ ಒಂದನ್ನು ಕೊಟ್ಟು ಮನೆಗೆ ಕಳಿಸಿದ್ದಾರೆ. ಅದು ಮಂಚದ ಪಕ್ಕ ಕೂತು ಸದಾ ಗುರ್ ಅನ್ನುತ್ತಾ, ಮೂಗಿಗೆ ಸಿಕ್ಕಿಸಿದ ಸಣ್ಣ ಪೈಪಿನಲ್ಲಿ ಇವರಿಗೆ ಉಸಿರು ಕೊಡುತ್ತದೆ. ಓಡುವುದು ಕರೆಂಟಿನಲ್ಲಿ. ಈ ಊರಿನ ಕರೆಂಟಿನ ಕಥೆ ನಿನಗೆ ಗೊತ್ತೇ ಇದೆ, ಈಗ ಇನ್ನೂ ಹದಗೆಟ್ಟಿದೆ. ಹೋದರೆ ಯಾವಾಗ ಬರುತ್ತದೋ ಹೇಳುವವರಿಲ್ಲ. ಜೊತೆಗೆ ಕೊಟ್ಟ ಪುಟ್ಟ ಸಿಲಿಂಡರ್ ಒಂದು ಬಕೆಟ್ ಬಟ್ಟೆ ಒಗೆದು ಒಣಹಾಕುವಷ್ಟು ಹೊತ್ತು ಬಂದರೆ ಹೆಚ್ಚು. ಆಮೇಲೆ ಅದನ್ನು ತುಂಬಿಸಿಕೊಡುವವರಿಗಾಗಿ ಊರೆಲ್ಲ ಅಲೆಯಬೇಕು.

ಮೊನ್ನೆ ಮಧ್ಯಾಹ್ನ ಸಿಲಿಂಡರ್ ಮುಗಿಯಿತು, ಕರೆಂಟ್ ಬರಲಿಲ್ಲ. ಇವರ ತುಟಿ ನೇರಳೆ ಬಣ್ಣಕ್ಕೆ ತಿರುಗಿತು. ಕಣ್ಣು ನನ್ನ ಮೇಲೇ ನೆಟ್ಟು ಏನೋ ಹೇಳಲು ನೋಡುತ್ತಿದ್ದರು. ನಾನು ಬೀಸಣಿಗೆ ತಂದು ಬೀಸಿದೆ ಅಣ್ಣ. ಬೀಸಣಿಗೆ! ಅದರಿಂದ ಏನಾಗುತ್ತದೆ, ಮಣ್ಣು? ಆದರೂ ಬೀಸಿದೆ, ಕೈ ಸುಮ್ಮನಿರಲಿಲ್ಲ. ಕಡೆಗೆ ಕರೆಂಟ್ ಬಂತು, ಬದುಕಿಕೊಂಡರು. ಇನ್ನೊಂದು ಸಲ ಹಾಗೆ ನೋಡುತ್ತಾ ಕೂರುವುದು ನನ್ನಿಂದಾಗದು.

ಹಿತ್ತಲ ಶೆಡ್ಡಿನಲ್ಲಿ ನಿನ್ನ ಡೀಸೆಲ್ ಇಂಜಿನ್ ಇದೆ, ಡೈನಮೋ ಸಮೇತ. ಗುಜರಿಯಿಂದ ತಂದು ನೀವಿಬ್ಬರೂ ಸೇರಿ ಜೀವ ಕೊಟ್ಟದ್ದು. ನೀನು ಇಂಜಿನ್ ಕಡೆ, ಇವರು ವೈರಿನ ಕಡೆ. ಇವರಿಗೆ ವೈರು ಬಿಟ್ಟರೆ ಇಂಜಿನ್ನಿನ ತಲೆಬುಡ ಗೊತ್ತಿಲ್ಲ. "ಮೇಸ್ತ್ರಿ ಹತ್ರ ಸೇರಿಸ್ತಿರ್ಲಿಲ್ಲ ಕಣೆ, ಮುಟ್ಟಿದ್ರೆ ಕೈ ಮೇಲೆ ಬಾರಿಸ್ತಿದ್ರು" ಅನ್ನುತ್ತಾರೆ, ನಿನ್ನನ್ನು ಈಗಲೂ ಮೇಸ್ತ್ರಿ ಅಂತಲೇ ಕರೆಯುವುದು. ಬೀದಿಯ ತುದಿಯ ಬೈಕ್ ಮೆಕ್ಯಾನಿಕ್‌ನನ್ನು ಕರೆತಂದೆ. ಅವನು ಸುತ್ತು ಹಾಕಿ ನೋಡಿ, "ಅಕ್ಕಾ, ಇದನ್ನ ನೋಡೋಕೆ ಟಿಕೆಟ್ ಇಡಿ" ಅಂದು ಹೋದ.

ಇವರು ಇರುವ ತನಕ ಈ ಹೊಸಿಲು ತುಳಿಯುವುದಿಲ್ಲ ಅಂದು ಹೋದವನು ನೀನು. ತುಳಿಯಬೇಡ, ಹಿತ್ತಲ ಕಡೆಯಿಂದ ಬಾ. ಅದೂ ಆಗದಿದ್ದರೆ ಇದನ್ನು ಶುರು ಮಾಡುವುದು ಹೇಗೆ ಅಂತ ಬರೆ. ನಿಮ್ಮ ಸುರಂಗದ ಕ್ಯಾಂಪಿನಲ್ಲಿ ಫೋನ್ ಹಿಡಿಯುವುದಿಲ್ಲವಂತೆ. ಸಾಮಾನು ತರುವ ಲಾರಿ ಡ್ರೈವರ್ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ಅವನ ಕೈಯಲ್ಲೇ ಉತ್ತರ ಕಳಿಸು.

ನಿನ್ನ ತಂಗಿ (ಇನ್ನೂ ಹೌದಾದರೆ)


ಮಾರ್ಚ್ 9

ತಂಗಿಗೆ,

ಕಾಗದ ಬಂತು. ಬರಲು ಆಗುವುದಿಲ್ಲ.

ಶುರು ಮಾಡುವುದು ಹೇಗೆ ಅಂತ ಕೇಳಿದ್ದೀಯ. ಶುರು ಮಾಡುವುದು ಕಡೆಯ ಕೆಲಸ. ಅದರ ಮುಂಚಿನದನ್ನು ಬರೆಯುತ್ತೇನೆ, ಒಂದನ್ನೂ ಹಾರಿಸಬೇಡ. ಚಿಕ್ಕಂದಿನಿಂದ ನಿನಗೆ ಹಾರಿಸುವ ಚಾಳಿ.

ಅದು ವರ್ಷಗಟ್ಟಲೆ ನಿಂತ ಇಂಜಿನ್. ಗಾಳಿ ಎಳೆಯುವ ಡಬ್ಬಿಯಲ್ಲಿ ಇಲಿ ಸಂಸಾರ ಹೂಡಿರುತ್ತದೆ, ಬಿಚ್ಚಿ ಕ್ಲೀನ್ ಮಾಡು. ಹಳೆಯ ಆಯಿಲ್ ಕೆಳಗಿನ ತಿರುಪು ತೆಗೆದು ಇಳಿಸು, ಹೊಸದು ಹಾಕು. ಪಕ್ಕದಲ್ಲಿ ಒಂದು ಕಡ್ಡಿ ಇದೆ, ಎಳೆದು ಒರೆಸಿ, ಮತ್ತೆ ಅದ್ದಿ ನೋಡು. ಎರಡು ಗೀಟಿನ ನಡುವೆ ಆಯಿಲ್ ನಿಲ್ಲಬೇಕು. ಕಡಿಮೆಯೂ ಬೇಡ, ಹೆಚ್ಚೂ ಬೇಡ. ಇದನ್ನು ಪ್ರತಿ ಸಲ ನೋಡಬೇಕು. ನಿನ್ನೆ ನೋಡಿದ್ದೆ ಅನ್ನುವ ಮಾತು ನನ್ನ ಹತ್ತಿರ ನಡೆಯುವುದಿಲ್ಲ.

ಮೇಲಿನ ತೊಟ್ಟಿಗೆ ನೀರು ತುಂಬು. ನೀರಿಲ್ಲದೆ ಓಡಿಸಿದರೆ ಸುಟ್ಟುಹೋಗುತ್ತದೆ. ಟ್ಯಾಂಕಿಗೆ ಡೀಸೆಲ್ ಬಟ್ಟೆಯಲ್ಲಿ ಸೋಸಿ ಹಾಕು, ನಲ್ಲಿ ತೆರೆ. ಪೈಪಿನಲ್ಲಿ ಗಾಳಿ ನಿಂತಿರುತ್ತದೆ. ಪಂಪಿನ ಮೇಲಿನ ತಿರುಪು ಸಡಿಲ ಮಾಡಿ ನೊರೆ ಹೋಗಿ ಬರೀ ಡೀಸೆಲ್ ಬರುವ ತನಕ ಬಿಡು, ಆಮೇಲೆ ಬಿಗಿ ಮಾಡು. ಹೊಗೆಯ ಕೊಳವೆ ಶೆಡ್ಡಿನಿಂದ ಆಚೆ ಇರಬೇಕು, ಮನೆಯ ಕಿಟಕಿಗೆ ಬೆನ್ನು ಹಾಕಿರಬೇಕು. ಆ ಎದೆಗೆ ಈ ಹೊಗೆ ತಗುಲಕೂಡದು. ಶೆಡ್ಡಿನ ಬಾಗಿಲು ತೆರೆದೇ ಇರಲಿ.

ದೊಡ್ಡ ಚಕ್ರದ ಮೇಲೆ ಸ್ಪ್ಯಾನರ್, ಬಟ್ಟೆ, ಏನೂ ಬಿಟ್ಟಿರಬಾರದು. ಸೆರಗು ಸೊಂಟಕ್ಕೆ ಸಿಕ್ಕಿಸು, ಜಡೆ ಮೇಲೆ ಕಟ್ಟು. ಇಂಜಿನ್ನಿನ ತಲೆಯ ಮೇಲಿನ ಸಣ್ಣ ಲಿವರ್ ಎತ್ತಿ, ಹ್ಯಾಂಡಲ್ ಹಾಕಿ ತಿರುಗಿಸು, ಚಕ್ರಕ್ಕೆ ಓಟ ಬಂದಾಗ ಲಿವರ್ ಬಿಡು. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಜೊತೆಗೇ ಒಂದೇ ಕಡೆ ಇರಬೇಕು, ಸುತ್ತಿ ಹಿಡಿಯಬಾರದು. ಇಂಜಿನ್ ಒಂದೊಂದು ಸಲ ಹಿಂದಕ್ಕೆ ಒದೆಯುತ್ತದೆ. ಸುತ್ತಿ ಹಿಡಿದ ಕೈ ಉಳಿಯುವುದಿಲ್ಲ.

ಇನ್ನೊಂದು ಉಳಿಯಿತು, ಎಲ್ಲಕ್ಕಿಂತ ಮುಖ್ಯ. ಎರಡು ಕಡೆ ಬೀಳುವ ದೊಡ್ಡ ಸ್ವಿಚ್ ಒಂದಿದೆ. ಒಂದು ಕಡೆ ಬೀದಿಯ ಲೈನು, ಇನ್ನೊಂದು ಕಡೆ ಇಂಜಿನ್. ಅದನ್ನು ಇಂಜಿನ್ ಕಡೆ ಹಾಕದೆ ಓಡಿಸಿದರೆ ನಮ್ಮ ಕರೆಂಟು ಬೀದಿಗೆ ನುಗ್ಗುತ್ತದೆ. ಕಂಬದ ಮೇಲೆ ಲೈನ್‌ಮ್ಯಾನ್ ಒಬ್ಬ ಕರೆಂಟ್ ಇಲ್ಲ ಅಂತ ನಂಬಿ ಕೈ ಹಾಕಿರುತ್ತಾನೆ. ಅವನಿಗೂ ಹೆಂಡತಿ ಮಕ್ಕಳಿರುತ್ತಾರೆ. ಅದಕ್ಕೇ ನಾವು ಮಾಡಿಕೊಂಡ ಕ್ರಮ: ಇಂಜಿನ್ ಕಡೆಯವನು "ಶುರು ಮಾಡ್ತೀನಿ" ಅಂತ ಕೂಗಬೇಕು. ವೈರಿನ ಕಡೆಯವನು ಸ್ವಿಚ್ ಹಾಕಿ "ಹೂಂ" ಅನ್ನಬೇಕು. ಆ ಹೂಂ ಕೇಳುವ ತನಕ ಹ್ಯಾಂಡಲ್ ಮುಟ್ಟುವ ಹಾಗಿಲ್ಲ. ಉತ್ತರ ಬಂದ ಮೇಲೆ ತಿರುಗಿಸು. ಇದು ಅವನಿಗೆ ಗೊತ್ತು.

ಅಣ್ಣ


ಮಾರ್ಚ್ 17

ಅಣ್ಣ,

ಓಡಿತು!

ಇಲಿ ಸಂಸಾರ ಇತ್ತು ಕಣೋ, ಮರಿಗಳ ಸಮೇತ. ಕೈಗೆ ಕಾಲಿಗೆ ಮುಖಕ್ಕೆ ಮಸಿ ಬಳಿದುಕೊಂಡು, ನಿನ್ನ ಕಾಗದವನ್ನು ಶೆಡ್ಡಿನ ಗೋಡೆಗೆ ಅಂಟಿಸಿಕೊಂಡು ಒಂದೊಂದೇ ಓದಿ ಮಾಡಿದೆ. ಮೊದಲ ಸಲ ಬುಸ್ ಅಂದು ಸುಮ್ಮನಾಯಿತು. ಎರಡನೇ ಸಲವೂ ಅಷ್ಟೇ. ನಿನ್ನನ್ನು ಬಾಯಿಗೆ ಬಂದಂತೆ ಬೈದು ಮತ್ತೊಮ್ಮೆ ತಿರುಗಿಸಿದೆ, ಡಬ್ ಡಬ್ ಅಂತ ಎದ್ದಿತು. ಬೈದರೇ ಕೇಳುವುದು, ಥೇಟು ನಿನ್ನ ಹಾಗೆ. ಪಕ್ಕದ ಮನೆಯ ಟೈಲರಕ್ಕ ಹೊಲಿಗೆ ಬಿಟ್ಟು ಓಡಿಬಂದು, ಮನೆಯೇ ಕುಸಿಯಿತೇನೋ ಅಂದುಕೊಂಡೆ ಅಂದಳು.

ಒಳಗೆ ಹೋಗಿ ನೋಡಿದರೆ ಮಷಿನ್ ಗುರ್ ಅನ್ನುತ್ತಿದೆ, ಇವರು ದಿಂಬಿಗೆ ಒರಗಿ ಕಣ್ಣು ಮುಚ್ಚಿ ಇಂಜಿನ್ ಶಬ್ದ ಕೇಳುತ್ತಿದ್ದಾರೆ. "ಕೇಳೇ, ಒಂದು ಏಟೂ ತಪ್ಪಿಲ್ಲ. ಮೇಸ್ತ್ರಿ ಕೈ" ಅಂದರು. ನಾನು ಮಸಿಯಲ್ಲಿ ಮುಳುಗಿ ಎದ್ದಿದ್ದೇನೆ, ಹೊಗಳಿಕೆ ಮಾತ್ರ ನಿನಗೆ! ಇರಲಿ ಬಿಡು.

ಸ್ವಿಚ್ಚನ್ನು ಮಂಚದ ಪಕ್ಕದ ಗೋಡೆಗೇ ತಂದು ಹಾಕಿಸಿಕೊಂಡಿದ್ದಾರೆ. ವೈರಿನ ಕೆಲಸ ಬೇರೆಯವರಿಗೆ ಬಿಡುವುದಿಲ್ಲ ಅನ್ನುವ ಹಟ. ನಾನು ಶೆಡ್ಡಿನಿಂದ ಕೂಗುತ್ತೇನೆ, ಕಿಟಕಿಯೊಳಗಿಂದ ಸ್ವಿಚ್ ಟಪ್ ಅನ್ನುವುದು ಕೇಳುತ್ತದೆ, ಆಮೇಲೆ "ಹೂಂ". ಆದರೆ ಆ ಒಂದು ಹೂಂ ಅನ್ನಲು ಇವರು ಪಡುವ ಪಾಡು ನೋಡಲಾಗುವುದಿಲ್ಲ. ಇರುವ ಉಸಿರನ್ನೆಲ್ಲ ಒಟ್ಟು ಮಾಡಿ ಕಿಟಕಿಯಾಚೆ ಎಸೆಯಬೇಕು, ಆಮೇಲೆ ಕೆಮ್ಮು. "ಬೇಡಾರೀ, ಸ್ವಿಚ್ ಶಬ್ದ ಕೇಳಿದ್ರೆ ಸಾಕು" ಅಂದೆ. "ಶಬ್ದ ಏನೋ ಬಿದ್ರೂ ಬರುತ್ತೆ. ಮನುಷ್ಯ ಹೇಳ್ಬೇಕು" ಅಂದುಬಿಟ್ಟರು. ನೀವಿಬ್ಬರೂ ಒಂದೇ ಅಚ್ಚಿನವರು, ಮಾತು ಬಿಟ್ಟು ಇಷ್ಟು ವರ್ಷ ಅದು ಹೇಗಿದ್ದಿರೋ!

ಹೊಗೆ ಸ್ವಲ್ಪ ಕಪ್ಪಗಿದೆ, ಪರವಾಗಿಲ್ಲವಾ? ಬರೆ.

ನಿನ್ನ ತಂಗಿ


ಮಾರ್ಚ್ 23

ತಂಗಿಗೆ,

ಮೊದಲು ಕಪ್ಪಗಿದ್ದು ಆಮೇಲೆ ತಿಳಿಯಾದರೆ ಪರವಾಗಿಲ್ಲ. ಕಪ್ಪಗೇ ಇದ್ದರೆ ಗಾಳಿ ಡಬ್ಬಿ ಮತ್ತೆ ನೋಡು. ಬಿಳಿಯಾದರೆ ನಿಲ್ಲಿಸಿ ನನಗೆ ಬರೆ.

ನಿನಗೆ ಧೈರ್ಯ ಬಂದಿದೆ ಅಂತ ನಿನ್ನ ಕಾಗದದಲ್ಲೇ ಗೊತ್ತಾಗುತ್ತದೆ. ಅದೇ ನನಗೆ ಹೆದರಿಕೆ. ಕಲಿಯುತ್ತಿರುವವರಿಗೆ ಏಟಾಗುವುದು ಕಡಿಮೆ, ಕಲಿತೆ ಅಂದುಕೊಂಡವರಿಗೇ ಆಗುವುದು. ಹೆಬ್ಬೆರಳು.

ಅವನ ಹೂಂ ಹೇಗಿದೆ? ಗಟ್ಟಿಯಾಗಿ ಕೇಳುತ್ತದಾ? ಮೊದಲು ನಾಲ್ಕು ಮನೆಗೆ ಕೇಳುವ ಹಾಗೆ ಅನ್ನುತ್ತಿದ್ದ. ಸುಮ್ಮನೆ ಕೇಳಿದೆ.

ಅಣ್ಣ


ಏಪ್ರಿಲ್ 6

ಅಣ್ಣ,

ಅಕ್ಷರ ನನ್ನದಲ್ಲ. ನಾನು ಹೇಳುತ್ತಿದ್ದೇನೆ, ಟೈಲರಕ್ಕ ಬರೆಯುತ್ತಿದ್ದಾಳೆ. ನನ್ನ ಬಲಗೈ ಮುರಿದಿದೆ.

ನಿನ್ನ ಮಾತು ನಿಜವಾಯಿತು, ಖುಷಿ ಪಡು. ಇಲ್ಲ, ಹಾಗೆ ಬರೆಯಬೇಡ ಅಕ್ಕಾ, ಹೊಡೆದುಹಾಕು. (ಹೊಡೆದುಹಾಕುವುದಿಲ್ಲ, ಅವನು ಓದಲಿ. ಟೈಲರಕ್ಕ.)

ಮೂರು ದಿನದಿಂದ ಕರೆಂಟ್ ಕಣ್ಣಾಮುಚ್ಚಾಲೆ ಆಡುತ್ತಿತ್ತು. ಬರುತ್ತದೆ, ನಿಲ್ಲಿಸುತ್ತೇನೆ, ಹೋಗುತ್ತದೆ, ಓಡುತ್ತೇನೆ. ಆಯಿಲ್ ನೋಡಿದೆ, ನೀರು ನೋಡಿದೆ, ಕೂಗಿದೆ, ಹೂಂ ಬಂತು. ಎಲ್ಲ ಸರಿ ಮಾಡಿದೆ ಅಣ್ಣ, ಹೆಬ್ಬೆರಳೊಂದನ್ನು ಬಿಟ್ಟು. ಕೈ ಬೆವರಿ ಹ್ಯಾಂಡಲ್ ಜಾರುತ್ತಿತ್ತು, ಜಾರದಿರಲಿ ಅಂತ ಸುತ್ತಿ ಹಿಡಿದೆ. ಸೋತ ಕೈ, ಚಕ್ರಕ್ಕೆ ಓಟ ಬರುವ ಮೊದಲೇ ಲಿವರ್ ಬಿಟ್ಟೆ. ಹ್ಯಾಂಡಲ್ ಹಿಂದಕ್ಕೆ ಒದೆಯಿತು. ಮೂಳೆ ಮುರಿದದ್ದು ನನಗೇ ಕೇಳಿಸಿತು.

ಕಿಟಕಿಯಿಂದ ಇವರು "ಏನಾಯ್ತೇ, ಏನಾಯ್ತೇ" ಅನ್ನುತ್ತಿದ್ದಾರೆ, ಕೆಮ್ಮುತ್ತಿದ್ದಾರೆ. ಏನೂ ಇಲ್ಲ ಅಂದು ಎಡಗೈಯಲ್ಲಿ ತಿರುಗಿಸಲು ನೋಡಿದೆ. ಆಗಲಿಲ್ಲ. ಟೈಲರಕ್ಕ ಬೇಲಿ ಹಾರಿ ಬಂದಳು. ಕಾಲಿನಲ್ಲಿ ಹೊಲಿಗೆ ಮಷಿನ್ ತುಳಿದು ಬದುಕಿದವಳು, ತೋಳಿನಲ್ಲಿ ಇಷ್ಟು ಬಲವಿದೆ ಅಂತ ಅವಳಿಗೇ ಗೊತ್ತಿರಲಿಲ್ಲವಂತೆ. ನಾನು ನೆಲದ ಮೇಲೆ ಕೂತು ಹೇಳಿದೆ, ಅವಳು ತಿರುಗಿಸಿದಳು.

ಈಗ ಅವಳೇ ತಿರುಗಿಸುತ್ತಾಳೆ. ನಾನು ನೋಡಬೇಕಾದ್ದನ್ನೆಲ್ಲ ನೋಡುತ್ತೇನೆ, ಕೂಗುತ್ತೇನೆ. ಅವಳಿಗೂ ಕ್ರಮ ಹೇಳಿಕೊಟ್ಟಿದ್ದೇನೆ, ಉತ್ತರ ಬರದೆ ಹ್ಯಾಂಡಲ್ ಮುಟ್ಟುವುದಿಲ್ಲ. ಆದರೆ ಅವಳಿಗೂ ಹೊಟ್ಟೆಪಾಡಿದೆ. ಎಷ್ಟು ದಿನ ಹೊಲಿಗೆ ಬಿಟ್ಟು ನನ್ನ ಹಿತ್ತಲಲ್ಲಿ ನಿಲ್ಲುತ್ತಾಳೆ? ಹೆಚ್ಚು ಹೇಳುವುದಿಲ್ಲ. ಬಾ ಅಣ್ಣ. ಕಾಲಿಗೆ ಬೀಳುತ್ತೇನೆ, ಬಾ.

ನಿನ್ನ ತಂಗಿ


ಏಪ್ರಿಲ್ 12

ಪುಟ್ಟಿ,

ಕಾಗದ ಓದಿ ಲಾರಿ ಹತ್ತಲು ಹೊರಟೆ. ಕ್ಯಾಂಪಿನ ಯಜಮಾನ ತಡೆಯಲಿಲ್ಲ. "ಹೋಗು, ಆದ್ರೆ ಕೆಳಗಿನವರನ್ನ ಮೇಲೆ ಕರೆಸಿ ಹೋಗು" ಅಂದ. ಕೆಳಗೆ ಸುರಂಗದ ಬಾಯಿಯಲ್ಲಿ ಮಣ್ಣು ಕುಸಿದಿದೆ, ಹನ್ನೊಂದು ಜನ ಆಚೆ ಉಳಿದಿದ್ದಾರೆ. ಅವರಿಗೆ ಊಟ, ಗಾಳಿ ಎಲ್ಲ ಸಣ್ಣ ಕಿಂಡಿಯಲ್ಲಿ ಹೋಗುತ್ತಿದೆ. ಒಳಗೆ ಜಿನುಗುವ ನೀರನ್ನು ನನ್ನ ಪಂಪು ಎಳೆಯುತ್ತಿದೆ. ಪಂಪು ನಿಂತರೆ ನೀರು ಅವರ ಸೊಂಟಕ್ಕೆ ಬರಲು ಹೆಚ್ಚು ಹೊತ್ತು ಬೇಡ. ಪಂಪಿನ ಇಂಜಿನ್ ಗೊತ್ತಿರುವವನು ನಾನೊಬ್ಬನೇ.

ಮೊದಲ ಕಾಗದದಲ್ಲಿ ಬರಲು ಆಗುವುದಿಲ್ಲ ಅಂತ ಬರೆದಿದ್ದೆ. ಆಗ ಬರಬಹುದಿತ್ತು, ಮಣ್ಣು ಕುಸಿದಿರಲಿಲ್ಲ. ಹೊಸಿಲಿನ ಮಾತು ಹಿಡಿದು ಕೂತೆ. ಈಗ ಕಾಲು ಎಳೆಯುತ್ತಿದೆ, ಹೋಗುವ ಹಾಗಿಲ್ಲ.

ಅಡುಗೆಯವನಿಗೆ ಪಂಪು ಕಲಿಸುತ್ತಿದ್ದೇನೆ. ಸೌಟು ಹಿಡಿದ ಕೈ, ಆದರೆ ಗಮನ ಇದೆ. ಅವನಿಗೆ ಬಿಟ್ಟು ಬರಬಹುದು ಅನ್ನಿಸಿದ ದಿನ, ಇಲ್ಲವೇ ಆ ಜನ ಹೊರಬಂದ ದಿನ ಹೊರಡುತ್ತೇನೆ. ಅಲ್ಲಿಯ ತನಕ ಹೇಗಾದರೂ ತಡೆದುಕೊಳ್ಳಿ. ಟೈಲರಕ್ಕನಿಗೆ ಹೆಬ್ಬೆರಳು ತೋರಿಸಿಕೊಡು. ಮುರಿದ ಕೈಗೆ ಭಾರ ಬಿಡಬೇಡ.

ಅಣ್ಣ


ಏಪ್ರಿಲ್ 20

ಮೇಸ್ತ್ರಿಗಳಿಗೆ ನಿಮ್ಮ ತಂತಿಯ ನಮಸ್ಕಾರ.

ನೀವಿಟ್ಟ ಹೆಸರು ಈಗ ಸರಿಯಾಗಿ ಹೊಂದುತ್ತದೆ. ನೋಡಿದರೆ ನಗುತ್ತೀರಿ, ವೈರಿನ ಒಳಗಿನ ಎಳೆ ಆಗಿದ್ದೇನೆ. ಕೈ ನಡುಗುತ್ತದೆ, ಸಾಲು ಸೊಟ್ಟಗಾದರೆ ಸಹಿಸಿಕೊಳ್ಳಿ. ಸ್ವಲ್ಪ ಬರೆದು ಸ್ವಲ್ಪ ನಿಲ್ಲಿಸುತ್ತೇನೆ. ಅವಳು ಡೀಸೆಲ್ ತರಲು ಹೋಗಿದ್ದಾಳೆ.

ನಿಮ್ಮ ತಂಗಿಯ ಬಗ್ಗೆ ಹೇಳಬೇಕು. ತಲೆ ಬಾಚಿಕೊಂಡು ಎಷ್ಟು ದಿನವಾಯಿತೋ. ಕೈ ಕೊರಳಿಗೆ ಕಟ್ಟಿಕೊಂಡು ಶೆಡ್ಡಿಗೂ ಮನೆಗೂ ಓಡುತ್ತಾಳೆ. ಬಲ್ಬು ಸ್ವಲ್ಪ ಮಿಣುಕಿದರೂ ಎದ್ದು ನಿಲ್ಲುತ್ತಾಳೆ. ಊಟದ ಮಧ್ಯೆ, ಮಾತಿನ ಮಧ್ಯೆ, ನಿದ್ದೆಯ ಮಧ್ಯೆ. ಡಾಕ್ಟರು ಆ ಕೈಗೆ ವಿಶ್ರಾಂತಿ ಬೇಕು, ಇಲ್ಲದಿದ್ದರೆ ಸೊಟ್ಟಗೆ ಕೂಡುತ್ತದೆ ಅಂದರು. ಆಗಲೇ ಸೊಟ್ಟಗೆ ಕೂಡುತ್ತಿದೆ. ನನ್ನ ಮುಂದೆ ನಗುತ್ತಾಳೆ, ಶೆಡ್ಡಿನಲ್ಲಿ ಅಳುತ್ತಾಳೆ. ಕಿಟಕಿಯಲ್ಲಿ ಎಲ್ಲ ಕೇಳುತ್ತದೆ ಅನ್ನುವುದು ಅವಳಿಗೆ ಮರೆತುಹೋಗುತ್ತದೆ.

ನನ್ನದು ವಾಸಿಯಾಗುವುದಲ್ಲ, ನಿಮಗೂ ಗೊತ್ತು. ನನ್ನನ್ನು ಉಳಿಸುವುದರಲ್ಲಿ ಅವಳು ಮುಗಿದುಹೋಗುತ್ತಿದ್ದಾಳೆ. ಅದನ್ನು ಮಲಗಿ ನೋಡುವುದು ಉಸಿರು ಕಟ್ಟುವುದಕ್ಕಿಂತ ಕಷ್ಟ.

ಅದಕ್ಕೆ ಒಂದು ಕೇಳುತ್ತೇನೆ. ಈ ಇಂಜಿನ್ ಇನ್ನು ಓಡಿಸುವ ಹಾಗಿಲ್ಲ, ಅಪಾಯ, ಅಂತ ಅವಳಿಗೆ ಒಂದು ಸಾಲು ಬರೆಯಿರಿ. ಡಾಕ್ಟರ ಮಾತು ಮೀರುತ್ತಾಳೆ. ನನ್ನ ಮಾತಂತೂ ಲೆಕ್ಕಕ್ಕೇ ಇಲ್ಲ. ಇಂಜಿನ್ ವಿಷಯದಲ್ಲಿ ನಿಮ್ಮ ಮಾತು ಮಾತ್ರ ಮೀರುವುದಿಲ್ಲ. ನಿಮ್ಮ ಅಕ್ಷರ ಕಂಡರೆ ಹ್ಯಾಂಡಲ್ ಕೆಳಗಿಡುತ್ತಾಳೆ. ಆಮೇಲೆ ಕರೆಂಟು ತನ್ನ ಕೆಲಸ ತಾನು ಮಾಡುತ್ತದೆ. ಅವಳ ಮೇಲೆ ಯಾವ ಹೊರೆಯೂ ಉಳಿಯುವುದಿಲ್ಲ, ಇಂಜಿನ್ ಕೆಟ್ಟಿತ್ತು ಅಷ್ಟೇ.

ನಾನಿರುವ ತನಕ ಹೊಸಿಲು ತುಳಿಯುವುದಿಲ್ಲ ಅಂದಿದ್ದಿರಿ. ನಿಮ್ಮ ಮಾತೂ ಉಳಿಯುತ್ತದೆ ನೋಡಿ. ತಮಾಷೆಗೆ ಹೇಳಿದೆ, ಬೇಜಾರಾಗಬೇಡಿ. ನೀವು ಎದುರಿಗೆ ಬೈದಿದ್ದರೂ ಚೆನ್ನಾಗಿತ್ತು, ಮಾತು ಬಿಟ್ಟಿರಲ್ಲ, ಅದು ಬಹಳ ನೋಯಿತು.

ನಿಮ್ಮ ತಂತಿ


ಏಪ್ರಿಲ್ 26

ತಂತೀ,

ನೀನು ಹೇಳದೆ ಕೇಳದೆ ನನ್ನ ತಂಗಿಯನ್ನು ಮದುವೆಯಾದಾಗಲೂ ಇಷ್ಟು ಸಿಟ್ಟು ಬಂದಿರಲಿಲ್ಲ. ಎದುರಿಗಿದ್ದಿದ್ದರೆ ಕಪಾಳಕ್ಕೆ ಕೊಡುತ್ತಿದ್ದೆ.

ಕೆಟ್ಟ ಇಂಜಿನ್ನನ್ನು ಸರಿಯಿದೆ ಅಂದು ನಾನು ಯಾರಿಗೂ ಒಪ್ಪಿಸಿಲ್ಲ. ಸರಿಯಿರುವುದನ್ನು ಕೆಟ್ಟಿದೆ ಅಂತಲೂ ಹೇಳುವುದಿಲ್ಲ. ಅವಳು ಇಷ್ಟೆಲ್ಲ ಒದ್ದಾಡುತ್ತಿರುವುದು ಆ ಒಂದು ನಂಬಿಕೆಯ ಮೇಲೆ, ಅಣ್ಣ ಬರೆದದ್ದು ಸತ್ಯ ಅಂತ. ಅದೇ ನಂಬಿಕೆಯನ್ನು ಬಳಸಿ ನನ್ನನ್ನು ಸಾಯಿಸಿ ಅಂತ ಕೇಳುತ್ತೀಯಲ್ಲ, ನಾಚಿಕೆಯಾಗುವುದಿಲ್ಲವೇನೋ ನಿನಗೆ? ಆಮೇಲೆ ನಾನು ಅವಳ ಮುಖ ಹೇಗೆ ನೋಡಲಿ?

ಹೊರೆ ಅಂತೀಯ. ಅವಳ ಹೊರೆ ಅವಳು ಇಳಿಸುತ್ತೇನೆ ಅಂದಿದ್ದಾಳಾ? ಕೇಳಿದ್ದೀಯಾ ಅವಳನ್ನು?

ಇಲ್ಲಿ ಮಣ್ಣು ತೆಗೆಯುವುದು ಮುಗಿಯುತ್ತಾ ಬಂದಿದೆ. ಅಡುಗೆಯವನು ಈಗ ಒಬ್ಬನೇ ಪಂಪು ಶುರು ಮಾಡುತ್ತಾನೆ, ನಾನು ಹಿಂದೆ ನಿಂತಿರುತ್ತೇನೆ. ಇನ್ನು ಸ್ವಲ್ಪ ದಿನ. ಬರುತ್ತೇನೆ. ಹೊಸಿಲೂ ತುಳಿಯುತ್ತೇನೆ, ನಿನ್ನ ಮಂಚದ ಮೇಲೂ ಕೂರುತ್ತೇನೆ, ಬೈಗಳೂ ಎದುರಿಗೇ ಬೈಯುತ್ತೇನೆ. ಮಾತು ಬಿಟ್ಟದ್ದು ತಪ್ಪಾಯಿತು. ಸಿಟ್ಟು ಯಾವತ್ತೋ ಇಳಿದಿತ್ತು, ಇಳಿದಿದೆ ಅಂತ ಹೇಳಲು ಬಾಯಿ ಬರಲಿಲ್ಲ.

ಅಲ್ಲಿಯ ತನಕ ಅವಳು ಕೂಗಿದಾಗೆಲ್ಲ ಉತ್ತರ ಕೊಡು. ಮೇಸ್ತ್ರಿಯಾಗಿ ಹೇಳುತ್ತಿಲ್ಲ, ಬೇಡಿಕೊಳ್ಳುತ್ತಿದ್ದೇನೆ.

ನಿನ್ನ ಭಾವ


ಮೇ 5

ಅಣ್ಣ,

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಕಷ್ಟಪಟ್ಟು ಓದು.

ಇವರ ಹೆಸರಿಗೆ ಬಂದ ನಿನ್ನ ಕಾಗದ ತಲುಪಿತು. ಇವರು ಓದಿ ನಕ್ಕರು, "ಭಾವ ಅಂತ ಸಹಿ ಹಾಕಿದಾರೆ ನೋಡೇ" ಅಂದು ನನ್ನ ಕೈಗೇ ಕೊಟ್ಟರು. ಓದಿದೆ. ಇವರು ನಿನ್ನನ್ನು ಏನು ಕೇಳಿದ್ದರು ಅಂತ ಹಾಗೆ ನನಗೆ ಗೊತ್ತಾಯಿತು. ಇಬ್ಬರೂ ಟೀ ಕುಡಿದೆವು.

ಮರುದಿನ ಬೆಳಿಗ್ಗೆ ಕರೆಂಟ್ ಹೋಯಿತು. ಸಿಲಿಂಡರ್ ಹಿಂದಿನ ದಿನವೇ ಖಾಲಿಯಾಗಿತ್ತು. ಆಯಿಲ್ ನೋಡಿದೆ, ನೀರು, ಡೀಸೆಲ್, ಹೊಗೆಯ ಕೊಳವೆ, ಚಕ್ರದ ಮೇಲೆ ಏನೂ ಇಲ್ಲ. ಟೈಲರಕ್ಕ ಹ್ಯಾಂಡಲ್ ಹತ್ತಿರ ನಿಂತಳು. "ಶುರು ಮಾಡ್ತೀನಿ" ಅಂತ ಕೂಗಿದೆ. ಉತ್ತರ ಇಲ್ಲ. ನಿದ್ದೆ ಹತ್ತಿರಬೇಕು ಅಂದುಕೊಂಡು ಇನ್ನೂ ಜೋರಾಗಿ ಕೂಗಿದೆ. ಕಿಟಕಿ ತೆರೆದೇ ಇದೆ. ಸ್ವಿಚ್ಚಿನ ಟಪ್ ಕೂಡ ಇಲ್ಲ. ಒಳಗೆ ಓಡಿದೆ.

ಎಚ್ಚರವಾಗೇ ಇದ್ದರು. ಎರಡೂ ಕೈ ಹೊದಿಕೆಯ ಒಳಗೆ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು.

"ಕೇಳಿಸ್ಲಿಲ್ವೇನ್ರೀ?" ಅಂದೆ.

"ಕೇಳಿಸ್ತು."

"ಮತ್ತೆ?"

"ಸಾಕು ಕಣೆ."

"ಯಾರಿಗೆ ಸಾಕು? ನನಗೆ ಸಾಕಾಗಿಲ್ಲ."

"ನಿನ್ನ ಕೈ ನೋಡ್ಕೋ" ಅಂದರು.

"ನನ್ನ ಕೈ ನನ್ನದು, ಮುರ್ಕೋತೀನಿ, ಕತ್ತರಿಸ್ಕೋತೀನಿ, ನಿಮಗೇನು?" ಅಂತ ಕಿರುಚಿದೆ.

ಅವರಿಗೆ ಆಗಲೇ ಏದುಸಿರು. ತುಟಿಯ ಬಣ್ಣ ಹೋಗುತ್ತಿತ್ತು. ಮೆಲ್ಲಗೆ, ಬಿಡಿಸಿ ಬಿಡಿಸಿ ಅಂದರು, "ಹಾಗಾದ್ರೆ... ನನ್ನ ಉಸಿರು... ನನ್ನದಲ್ವಾ?"

ಕೈ ಚಾಚಿ ಸ್ವಿಚ್ಚನ್ನು ನಾನೇ ಇಂಜಿನ್ ಕಡೆ ಹಾಕಿದೆ. ಸರಿಯಾಗಿ ಕೂತಿದೆಯಾ ಅಂತ ಅಲುಗಾಡಿಸಿ ನೋಡಿದೆ, ಲೈನ್‌ಮ್ಯಾನ್‌ಗೆ ಏನೂ ಆಗಬಾರದಲ್ಲ. ಇವರು ಮುಖ ಗೋಡೆಯ ಕಡೆ ತಿರುಗಿಸಿಕೊಂಡರು.

ಹಿತ್ತಲಿಗೆ ಬಂದರೆ ಟೈಲರಕ್ಕ ಹ್ಯಾಂಡಲ್ ಮುಟ್ಟದೆ ನಿಂತಿದ್ದಾಳೆ. "ಹೂಂ ಅಂದ್ರಾ? ನನಗೆ ಕೇಳಿಸ್ಲಿಲ್ಲ" ಅಂದಳು.

"ಅಂದ್ರು. ಸಣ್ಣಕ್ಕೆ ಅಂದ್ರು. ತಿರುಗ್ಸಕ್ಕಾ" ಅಂದೆ.

ತಿರುಗಿಸಿದಳು. ಓಡಿತು. ಮಷಿನ್ ಗುರ್ ಅಂದಿತು. ಒಳಗೆ ಹೋಗುವ ಧೈರ್ಯ ಬರದೆ ಶೆಡ್ಡಿನ ಬಾಗಿಲಲ್ಲಿ ಕೂತೆ. ಆಮೇಲೆ ಹೋದೆ. ತುಟಿಗೆ ಬಣ್ಣ ಬಂದಿತ್ತು. ಕಣ್ಣಿನಿಂದ ನೀರು ಇಳಿದು ದಿಂಬು ಒದ್ದೆಯಾಗಿತ್ತು. ಒರೆಸಲು ಹೋದೆ, ಮುಖ ತಿರುಗಿಸಲಿಲ್ಲ, ನೋಡಲೂ ಇಲ್ಲ.

ಅಂದಿನಿಂದ ನನ್ನ ಜೊತೆ ಮಾತಿಲ್ಲ. ತಿನ್ನಿಸಿದರೆ ತಿನ್ನುತ್ತಾರೆ, ಮೈ ಒರೆಸಿದರೆ ಒರೆಸಿಸಿಕೊಳ್ಳುತ್ತಾರೆ. ಮೂಗಿನ ಪೈಪನ್ನು ಕಿತ್ತು ಹಾಕುವುದೂ ಇಲ್ಲ. ಬರೀ ಉತ್ತರ ಕೊಡುವುದಿಲ್ಲ. ಪ್ರತಿ ಸಲ ಕೂಗುತ್ತೇನೆ, ಕಾಯುತ್ತೇನೆ. ಇವತ್ತಾದರೂ ಅಂದಾರು ಅಂತ ಕಾಯುತ್ತೇನೆ. ಆಮೇಲೆ ಒಳಗೆ ಹೋಗಿ ಸ್ವಿಚ್ ಹಾಕಿ ಬರುತ್ತೇನೆ.

ನಾನು ಯಾರಿಗೋಸ್ಕರ ಇದನ್ನು ಮಾಡುತ್ತಿದ್ದೇನೆ ಅಣ್ಣ? ಅವರಿಗೋಸ್ಕರ ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಈಗ ಎದೆ ಮುಟ್ಟಿಕೊಂಡು ಹೇಳುತ್ತೇನೆ, ನನಗೋಸ್ಕರ. ಆ ಮಂಚ ಖಾಲಿಯಾಗುವುದನ್ನು ನನ್ನಿಂದ ನೋಡಲಾಗುವುದಿಲ್ಲ, ಅದಕ್ಕೆ. ಅವರು ಬೇಡ ಅನ್ನುತ್ತಿದ್ದಾರೆ, ನಾನು ಕೊಡುತ್ತಿದ್ದೇನೆ. ಇದು ಪಾಪವೋ ಪ್ರೀತಿಯೋ ನೀನು ಬಂದು ಹೇಳು. ಅಥವಾ ಹೇಳಬೇಡ. ಪಾಪ ಅಂದರೂ ನಾನು ನಿಲ್ಲಿಸುವುದಿಲ್ಲ.

ನಿಮ್ಮ ಹನ್ನೊಂದು ಜನರೂ ಹೊರಗೆ ಬಂದರಂತೆ, ಡ್ರೈವರ್ ಹೇಳಿದ. ಕೇಳಿ ಕೈ ಮುಗಿದೆ. ನೀನು ಗುರುವಾರದ ಲಾರಿಗೆ ಹೊರಡುತ್ತೀಯಂತೆ. ಬೇಗ ಬಾ. ಹಿತ್ತಲಿಂದ ಬೇಡ, ಮುಂದಿನ ಬಾಗಿಲಿಂದ ಬಾ. ಬಂದು ಅವರ ಜೊತೆ ಮಾತಾಡು. ನಿನಗಾದರೂ ಉತ್ತರ ಕೊಟ್ಟಾರು.

ಇದನ್ನು ಬರೆಯುತ್ತಿರುವ ಹಾಗೇ ಕರೆಂಟ್ ಹೋಯಿತು. ಅರ್ಧಕ್ಕೆ ಬಿಟ್ಟು ಎದ್ದು ಹೋಗಿ ಈಗ ಬಂದು ಮುಗಿಸುತ್ತಿದ್ದೇನೆ. ಎಲ್ಲ ನೋಡಿದೆ, ಕೂಗಿದೆ, ಕಾದೆ. ಒಳಗೆ ಹೋಗಿ ಸ್ವಿಚ್ ಹಾಕಿ ಹಿತ್ತಲಿಗೆ ಬಂದೆ. ಟೈಲರಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಈ ಸಲ ಏನೂ ಕೇಳಲಿಲ್ಲ, ಆದರೂ ಹ್ಯಾಂಡಲ್ ಮುಟ್ಟದೆ ನಿಂತಿದ್ದಳು. "ಉತ್ತರ ಬಂತು, ತಿರುಗ್ಸು" ಅಂದೆ. ಅವಳು ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ತಿರುಗಿಸಿದಳು.

ನಿನ್ನ ಪುಟ್ಟಿ